ಹರಿದ ಬೆಲ್ಟಿನ ತುಂಡು

ಬಾತಾಮ್ ದ್ವೀಪದ ಬಂದರು ಠಾಣೆಗೆ ಮಂಗಳವಾರ ಬೆಳಿಗ್ಗೆ ಬಂದ ಯುಸ್ನಿದಾರ್ ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಿಂದಿನ ದಿನ ಶಿಪ್‌ಯಾರ್ಡಿನಲ್ಲಿ ಹಡಗಿನ ಮೇಲಿಂದ ಬಿದ್ದು ಸತ್ತ ಫೋರ್‌ಮನ್ ಜಫ್ರಿಜಾಲ್ ಅವಳ ಗಂಡ.

"ಕಾಲು ಜಾರಿತು ಅಂತಾರೆ. ಜಾರಿದ್ರೆ ಸೇಫ್ಟಿ ಬೆಲ್ಟ್ ಹಿಡೀಬೇಕಿತ್ತಲ್ಲ ಮೇಡಂ?"

ಇನ್‌ಸ್ಪೆಕ್ಟರ್ ಲೆಸ್ತಾರಿ ಎಫ್‌ಐಆರ್ ದಾಖಲಿಸಿದಳು. ಸ್ಥಳ ಪಂಚನಾಮೆ ಮಾಡಿ ಹರಿದ ಬೆಲ್ಟನ್ನು ವಶಕ್ಕೆ ಪಡೆದಳು. ಯಾರ್ಡಿನ ಉಗ್ರಾಣದಿಂದ ಅಂಥದ್ದೇ ಇನ್ನೊಂದನ್ನೂ ತರಿಸಿ, ಎರಡಕ್ಕೂ ಮೊಹರು ಹಾಕಿಸಿದಳು.

ಗುರುವಾರ ಪ್ರಯೋಗಾಲಯದ ವಹ್ಯುನಿ ಲೆಸ್ತಾರಿಯ ಎದುರಲ್ಲೇ ಮೊದಲು ಉಗ್ರಾಣದ ಬೆಲ್ಟಿನ ತುಂಡನ್ನು ಯಂತ್ರದ ಎರಡು ದವಡೆಗಳಿಗೆ ಕಚ್ಚಿಸಿ ಎಳೆಸಿದಳು. ಪಟ್ಟಿ ಹಿಗ್ಗಿತು, ಬಿಗಿದು ಕಿರುಗುಟ್ಟಿತು. ಎರಡು ಟನ್ ದಾಟಿದ ಮೇಲೆಯೇ ಸಿಡಿಯಿತು. ಆಮೇಲೆ ಸತ್ತವನ ಬೆಲ್ಟಿನಲ್ಲಿ ಹರಿದ ಜಾಗದ ಪಕ್ಕದ ತುಂಡು. ಅದು ಹಿಗ್ಗಲೇ ಇಲ್ಲ. ಒಣ ಬಾಳೆನಾರಿನಂತೆ ಸದ್ದಿಲ್ಲದೆ ಬಿಟ್ಟುಕೊಂಡಿತು.

"ಎಷ್ಟು?"

"ಇನ್ನೂರು ಕೆಜಿನೂ ಇಲ್ಲ. ಒರಗಿದ್ರೆ ತಡೆಯತ್ತೆ, ಬಿದ್ರೆ ತಡೆಯಲ್ಲ."

"ಚಾಕು?"

"ಅಲ್ಲ. ಬಿಸಿಲಿಗೆ ಹಾಳಾಗಿದ್ರೆ ಪೂರ್ತಿ ಹಾಳಾಗಿರ್ಬೇಕು. ಇದು ಬೆನ್ನಲ್ಲಿ ಹಗ್ಗ ಸಿಕ್ಕಿಸೋ ಬಳೆ ಹತ್ರ ಒಂದು ಗೇಣು ಮಾತ್ರ. ಯಾರೋ ಆಸಿಡ್ ಹಚ್ಚಿ ಒಣಗಿಸಿದಾರೆ ಮೇಡಂ. ನೈಲಾನ್ ಮೇಲೆ ಅದು ಸುಮ್ನೆ ನೋಡಿದ್ರೆ ಗೊತ್ತಾಗಲ್ಲ."

ಆ ಹೊತ್ತಿಗೆ ಅದೇ ಉಗ್ರಾಣದ ಬೆಲ್ಟುಗಳನ್ನು ನಂಬಿ ಇನ್ನೂರು ಜನ ಹಡಗುಗಳ ಒಡಲಿಗೆ ಜೋತುಬಿದ್ದಿದ್ದರು. ಲೆಸ್ತಾರಿ ಯಾರ್ಡಿನಲ್ಲಿದ್ದ ಕಾನ್‌ಸ್ಟೇಬಲ್ ಹಸನುಲ್‌ಗೆ ಫೋನ್ ಮಾಡಿದಳು.

"ಎಲ್ಲರನ್ನೂ ಕೆಳಗಿಳಿಸು. ಅವಸರ ಮಾಡಿಸ್ಬೇಡ. ಮೆಲ್ಲಗೆ."

ಯಾರ್ಡಿನಲ್ಲಿ ಆಸಿಡ್ ಇದ್ದದ್ದು ಫೋರ್ಕ್‌ಲಿಫ್ಟ್‌ಗಳ ಬ್ಯಾಟರಿ ಕೋಣೆಯಲ್ಲಿ ಮಾತ್ರ. ಅದರ ಬೀಗದ ಕೈ ಟೊಗಾರ್ ಎಂಬವನ ಹತ್ತಿರವಿತ್ತು. ಜಫ್ರಿಜಾಲ್ ತನ್ನ ಹೆಸರು ಬರೆದ ಬೆಲ್ಟನ್ನು ದಿನಾ ಆ ಕೋಣೆಯ ಹೊರಗಿನ ಮೊಳೆಗೆ ತೂಗುಹಾಕುತ್ತಿದ್ದ. ಮೊಳೆಯ ಕೆಳಗೆ ಸಿಮೆಂಟ್ ನೆಲ ಹನಿಹನಿಯಾಗಿ ಕೊರೆದುಹೋಗಿತ್ತು.

ಲೆಸ್ತಾರಿ ಅಲ್ಲಿಗೆ ಬಂದಾಗ ಟೊಗಾರ್ ಕೋಣೆಯ ಬಾಗಿಲಲ್ಲಿ ಊಟ ಮಾಡುತ್ತಿದ್ದ. ಅವಳು ನೆಲ ತೋರಿಸಿದಳು.

"ಇನ್ನೆಷ್ಟು ಬೆಲ್ಟಿಗೆ ಹಚ್ಚಿದೀಯ?"

ಅವನು ಅನ್ನದ ಪೊಟ್ಟಣ ಮಡಚಿಟ್ಟ. "ಒಂದೇ. ಬೇರೆಯವರು ನನಗೇನು ಮಾಡಿದ್ರು?"

ಅವನನ್ನು ದಸ್ತಗಿರಿ ಮಾಡಿದರು. ಅವನ ಮಾತು ನಂಬದೆ ಉಳಿದ ಬೆಲ್ಟುಗಳನ್ನೂ ಜಪ್ತಿ ಮಾಡಿದರು.

ಹಿಂದಿನ ವರ್ಷ ಟೊಗಾರ್‌ನ ತಮ್ಮ ಹೊತ್ಮಾನ್ ಹಾಗೆಯೇ ಬಿದ್ದು ಸತ್ತಿದ್ದ. ಬೆಲ್ಟ್ ಕೊಡದೆ ಅವನನ್ನು ಮೇಲೆ ಹತ್ತಿಸಿದವನು ಜಫ್ರಿಜಾಲ್. ಕೊಟ್ಟರೂ ಕಟ್ಟಿಕೊಳ್ಳಲಿಲ್ಲ ಎಂದು ಹೇಳಿಕೆ ಕೊಟ್ಟವನೂ ಅವನೇ. ಠಾಣೆಯವರು ಅಷ್ಟಕ್ಕೇ ಪ್ರಕರಣ ಮುಚ್ಚಿದ್ದರು.

ಜೀಪು ಹತ್ತುವಾಗ ಟೊಗಾರ್ ತಿರುಗಿ ನೋಡಿದ.

"ಇವನು ಬೆಲ್ಟ್ ಕಟ್ಟಿದ್ದ ಅಂತ ಸರಿಯಾಗಿ ಬರ್ಕೊಳ್ಳಿ ಮೇಡಂ. ನನ್ನ ತಮ್ಮ ಸತ್ತಾಗ ನಿಮ್ಮೋರು ಯಾರೂ ಬಂದು ನೋಡ್ಲೇ ಇಲ್ಲ."