ತೊಳೆದ ಸ್ಕೂಟರ್

ಸ್ಕೂಟರ್ ಫಳಫಳ ಹೊಳೆಯುತ್ತಿತ್ತು. ಅದನ್ನು ಕಂಡದ್ದೇ ಕಂಡಕ್ಟರಕ್ಕ ಕಿಟಾರನೆ ಕಿರುಚಿದಳು.

ಎರಡು ವರ್ಷದಿಂದ ಆ ಕೆಂಪು ಸ್ಕೂಟರಿಗೆ ಅವಳು ಒಂದು ಹನಿ ನೀರು ಸೋಕಿಸಿರಲಿಲ್ಲ. ಮುರಿದ ಹ್ಯಾಂಡಲ್, ಒಣಗಿದ ಕೆಸರು, ಸೀಟಿನ ಮೇಲೆ ತಮ್ಮನ ರಕ್ತದ ಕಲೆ — ಎಲ್ಲವನ್ನೂ ಹಾಗೆಯೇ ಇಟ್ಟು, ಕಾರ್ಖಾನೆ, ಕಾಲೇಜು, ಲಾರಿ ನಿಲ್ದಾಣ ಎನ್ನದೆ ತಂದು ನಿಲ್ಲಿಸಿ ಮಾತಾಡುತ್ತಿದ್ದಳು. "ನಮ್ಮ ಪುಟ್ಟನಿಗೆ ಒಬ್ಬ ಕುಡುಕ ಗಾಡಿ ಗುದ್ದಿದ. ತೂರಾಡ್ತಾ ಇಳಿದು ನೋಡಿ, ಬಿಟ್ಟು ಹೋದ. ದೂರದಿಂದ ಕಂಡ ವಾಚ್‌ಮನ್ ಓಡಿ ಬಂದಾಗ ಪುಟ್ಟ ಇನ್ನೂ ಉಸಿರಾಡ್ತಿದ್ದ. ಆ ಕುಡುಕ ಯಾರೋ ನಂಗೊತ್ತಿಲ್ಲ. ನೀವು ಅವನಾಗ್ಬೇಡಿ." ಭಾಷಣ ಇಷ್ಟೇ. ಬಸ್ಸಿನಲ್ಲಿ ಟಿಕೆಟ್ ಕೂಗಿ ಪಳಗಿದ ಗಂಟಲು. ಮೈಕು ಕೈಕೊಟ್ಟರೂ ಚಿಂತೆಯಿರಲಿಲ್ಲ.

ಇಂದು ಅವಳದೇ ಡಿಪೋದ ಡ್ರೈವರುಗಳ ಮುಂದೆ ಮಾತು. ಅದು ಮುಗಿದ ಮೇಲೆ ಸ್ಕೂಟರ್ ಪ್ರಯೋಗಾಲಯಕ್ಕೆ ಹೋಗಬೇಕಿತ್ತು. ಹಿಂದಿನ ಪೊಲೀಸರು ಕೈತೊಳೆದುಕೊಂಡಿದ್ದ ಕೇಸನ್ನು ಹೊಸದಾಗಿ ಬಂದ ಇನ್ಸ್‌ಪೆಕ್ಟರಮ್ಮ ಮತ್ತೆ ತೆರೆದಿದ್ದರು. ಎಡಗಡೆಯ ಮಡ್‌ಗಾರ್ಡಿಗೆ, ಗುದ್ದಿದ ಗಾಡಿಯ ನೀಲಿ ಬಣ್ಣ ಅಂಟಿತ್ತು. ಇದ್ದ ಸಾಕ್ಷಿ ಅದೊಂದೇ.

ಈಗ ನೀಲಿಯೂ ಇಲ್ಲ, ಕೆಸರೂ ಇಲ್ಲ, ಪುಟ್ಟನ ರಕ್ತವೂ ಇಲ್ಲ.

"ರಾತ್ರಿ ಸ್ಕೂಟರ್ ಇಟ್ಟಿದ್ದ ಡಿಪೋ ಶೆಡ್ಡಿಗೆ ಬೀಗ ಹಾಕಿತ್ತಾ?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ಹಿಂದಿನ ಬಾಗಿಲಿಗೆ ಚಿಲಕ ಮಾತ್ರ ಮೇಡಂ," ಎಂದಳು ಕಸ ಗುಡಿಸುವಾಕೆ. "ನಾನಂತೂ ಅದನ್ನ ಮುಟ್ಟಿಲ್ಲ. ಈ ಅಕ್ಕ ನನ್ನ ಜೀವ ತೆಗೀತಾಳೆ ಅಂತ ಗೊತ್ತಿಲ್ವಾ?"

ಮುಂದಿನ ಸರದಿ ಡಿಪೋ ಎದುರಿನ ಬಾರಿನ ಮಾಲೀಕನದು. ಅವನು ಬರುವಾಗಲೇ ಮುಖ ಗಂಟಿಕ್ಕಿಕೊಂಡಿದ್ದ.

"ಈಯಮ್ಮನಿಗೆ ನೀವು ಬೆದರಿಕೆ ಹಾಕಿದ್ರಂತೆ?"

"ಹೊಟ್ಟೆ ಮೇಲೆ ಹೊಡೆದ್ರೆ ಮುದ್ದು ಮಾಡ್ತಾರಾ? ಬೈದಿದ್ದೀನಿ. ಆದ್ರೆ ಸಿಟ್ಟು ಬಂದ್ರೆ ಒಡೆದು ಹಾಕ್ತೀನಮ್ಮ — ತೊಳೆದು ಕೊಡ್ತೀನಾ?" ಅವನು ಬಾಗಿಲ ಕಡೆ ಗಲ್ಲ ತೋರಿಸಿದ. "ಬೇಕಿದ್ರೆ ಇವರಣ್ಣನ್ನೇ ಕೇಳಿ, ನಾನು ಎಂಥವನು ಅಂತ. ನನ್ನ ಖಾಯಂ ಗಿರಾಕಿ. ಎರಡು ವರ್ಷದಿಂದ ಈ ಕಡೆ ತಲೆ ಹಾಕಿಲ್ಲ, ಅಷ್ಟೇ."

ಅಣ್ಣ ಮೂರು ಲೋಟ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ತಮ್ಮ ಸತ್ತ ಮೇಲೆ ಅವನು ಕುಡಿತ ಬಿಟ್ಟಿದ್ದ; ಅದನ್ನವಳು ಎಲ್ಲ ಭಾಷಣಗಳಲ್ಲೂ ಹೆಮ್ಮೆಯಿಂದ ಹೇಳುತ್ತಿದ್ದಳು. ಸ್ಕೂಟರನ್ನು ಊರೂರಿಗೆ ಸಾಗಿಸುತ್ತಿದ್ದುದೂ ಅವನ ಲಾಂಡ್ರಿ ವ್ಯಾನಿನಲ್ಲೇ.

ಸ್ಕೂಟರಿನ ಕಡೆಯೇ ನೋಡುತ್ತ ಕಂಡಕ್ಟರಕ್ಕ ಲೋಟ ತೆಗೆದುಕೊಂಡಳು; ಕಾಫಿ ಸಮವಸ್ತ್ರದ ಮೇಲೆ ಚೆಲ್ಲಿತು. ಅಣ್ಣ ಜೇಬಿನಿಂದ ಹತ್ತಿ, ಕಲೆ ತೆಗೆಯುವ ಔಷಧಿಯ ಚಿಕ್ಕ ಬಾಟಲಿ ತೆಗೆದ. ಅಂಗಿಯ ಅಂಚನ್ನು ಮಡಿಚಿ, ಒಳಮಗ್ಗುಲಿಗೆ ಒಂದು ತೊಟ್ಟು ಒತ್ತಿದ.

"ಕಲೆ ಮೇಲಿದೆ, ನೀವು ಅಲ್ಲೇಕೆ ಒತ್ತುತ್ತಿದ್ದೀರಿ?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ಮೊದ್ಲು ಕಾಣದ ಜಾಗದಲ್ಲಿ ಹಚ್ಚಿ ನೋಡ್ಬೇಕು ಮೇಡಂ. ಬಣ್ಣ ಬಿಟ್ಬಿಟ್ರೆ?"

ಇನ್ಸ್‌ಪೆಕ್ಟರಮ್ಮ ಲೋಟ ಕೆಳಗಿಟ್ಟರು. ಸ್ಕೂಟರಿನ ಹತ್ತಿರ ಹೋಗಿ, ಸುತ್ತಲೂ ಬಗ್ಗಿ ನೋಡಿ, ಕೊನೆಗೆ ಸೀಟನ್ನು ಎತ್ತಿದರು.

"ಎಲ್ಲರೂ ಇಲ್ಲಿ ಬನ್ನಿ."

ಸೀಟಿನ ಅಡಿಯಲ್ಲಿ, ಕೆಸರಾಗಲಿ ರಕ್ತವಾಗಲಿ ಎಂದೂ ತಲುಪದ ಮೂಲೆಯಲ್ಲಿ, ನಾಣ್ಯದಗಲ ಜಾಗದ ಕೆಂಪು ಮಾತ್ರ ಮಂಕಾಗಿತ್ತು. ಬಣ್ಣ ಕರಗಿಸುವ ಥಿನ್ನರಿನ ವಾಸನೆ ಇನ್ನೂ ಆರಿರಲಿಲ್ಲ.

"ಕೊಳೆಯೇ ಇಲ್ಲದ ಕಡೆ ಉಜ್ಜಿದ್ದು ಯಾಕೆ?" ಅವರ ದನಿ ಏರಲಿಲ್ಲ. "ಸ್ಕೂಟರ್ ಪೂರ್ತಿ ತೊಳೆದದ್ದು ನಮ್ಮ ಕಣ್ಣಿಗೆ ಮಣ್ಣೆರಚೋಕೆ. ಅಳಿಸಬೇಕಾಗಿದ್ದು ನೀಲಿ ಬಣ್ಣ ಒಂದೇ. ಕೇಸು ಮುಚ್ಚಿದ್ದಾಗ ಅದರ ಗೊಡವೆ ಯಾರಿಗೂ ಇರಲಿಲ್ಲ. ನಿನ್ನೆ ಪ್ರಯೋಗಾಲಯದ ಮಾತೆತ್ತಿದೆ, ರಾತ್ರಿಯೇ ತೊಳೆದಾಯ್ತು. ಆದ್ರೆ ಸಾಕ್ಷಿ ಅಳಿಸೋಕೆ ಬಂದವನೂ ಮೊದ್ಲು ಕಾಣದ ಜಾಗದಲ್ಲಿ ಹಚ್ಚಿ ನೋಡಿದ್ದಾನೆ. ಕಸುಬಿನ ಅಭ್ಯಾಸ, ಕೈ ಕೇಳಲಿಲ್ಲ." ಅವರು ಅಣ್ಣನ ಕಡೆ ತಿರುಗಿದರು. "ನಿಮ್ಮ ವ್ಯಾನ್ ಈಗ ಬಿಳಿ. ಮೊದ್ಲು ಯಾವ ಬಣ್ಣ ಇತ್ತು?"

ಅಣ್ಣ ಬಾಟಲಿಯ ಮುಚ್ಚಳ ಹಾಕಿದ.

"ನೀಲಿ," ಎಂದಳು ಕಂಡಕ್ಟರಕ್ಕ. "ಪುಟ್ಟ ಹೋದ ಮೇಲೆ ಬಿಳಿ ಹೊಡೆಸಿ, ಲಾಂಡ್ರಿಗೆ ಅದೇ ಚೆಂದ ಅಂತ ನೀನೇ ಅಂದಿದ್ದೆ. ಅಲ್ವೇನಣ್ಣ?"

"ಕುಡಿದಿದ್ದೆ ಕಣೇ..."

"ಇಳಿದು ನೋಡ್ದೆಯಲ್ಲ?"

"ನೋಡ್ದೆ."

"ಯಾರು ಅಂತ ಗೊತ್ತಾಯ್ತಾ?"

ಅವನು ಹತ್ತಿಯನ್ನು ಹಿಂಡುತ್ತಲೇ ಇದ್ದ. ಬೆರಳ ಸಂದಿಯಿಂದ ಔಷಧಿ ತೊಟ್ಟಿಕ್ಕುತ್ತಿತ್ತು.

"ಅವನು — 'ಅಣ್ಣಾ' ಅಂದ."

ಕಂಡಕ್ಟರಕ್ಕ ಅವನ ಕೈಯಿಂದ ಹತ್ತಿ ಕಿತ್ತುಕೊಂಡಳು. ಎರಡು ವರ್ಷ ಇವನ ಪಕ್ಕದ ಸೀಟಿನಲ್ಲೇ ಕೂತು, ಇವನ ಹೆಗಲಿಗೇ ತಲೆಯಿಟ್ಟು ಅತ್ತಿದ್ದಳು.

"ಅಂದ ಮೇಲೂ ಬಿಟ್ಟು ಬಂದ್ಯಾ?"

"ಬಾಯಿ ವಾಸ್ನೆ ಹೊಡೀತಿತ್ತು. ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರೆ ಸಿಕ್ಕಿಬೀಳ್ತಿದ್ದೆ."

ಬಾರಿನ ಮಾಲೀಕ ನೆಲ ನೋಡಿದ. ಇನ್ಸ್‌ಪೆಕ್ಟರಮ್ಮನ ಕೈ ಕೋಳದ ಕಡೆ ಹೋಯಿತು.

"ಸ್ವಲ್ಪ ತಡೀರಿ ಮೇಡಂ. ಡ್ರೈವರುಗಳು ಕಾಯ್ತಿದ್ದಾರೆ."

ಕಂಡಕ್ಟರಕ್ಕ ಅಣ್ಣನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೊರಟಳು. ಅವನು ಕೊಸರಲಿಲ್ಲ. ಇನ್ಸ್‌ಪೆಕ್ಟರಮ್ಮ ಬೆನ್ನಿಗೇ ನಡೆದರು. ಸಭಾಂಗಣ ತುಂಬಿತ್ತು, ಡ್ಯೂಟಿಗೆ ಹೊತ್ತಾಯಿತೆಂದು ಯಾರೋ ಗೊಣಗುತ್ತಿದ್ದರು. ಅಣ್ಣ ಯಾವತ್ತೂ ಹಿಂದಿನ ಗೋಡೆಗೊರಗಿ ನಿಲ್ಲುತ್ತಿದ್ದವನು, ಇಂದು ಮೊದಲ ಸಲ ವೇದಿಕೆ ಹತ್ತಿದ.

"ಪುಟ್ಟನ್ನ ಕೊಂದವನು ಯಾರೋ ಗೊತ್ತಿಲ್ಲ ಅಂತ ಎಲ್ಲ ಕಡೆ ಹೇಳ್ಕೊಂಡು ಬಂದೆ," ಎಂದಳು ಕಂಡಕ್ಟರಕ್ಕ. "ಇವತ್ತು ಗೊತ್ತಾಯ್ತು. ಇವನೇ. ನಮ್ಮಣ್ಣ."

ಅವಳು ಮೈಕನ್ನು ಅವನ ಬಾಯಿಗೆ ಹಿಡಿದಳು.

"ಪುಟ್ಟ ಕೊನೆಗೆ ಏನಂದ? ಹೇಳು. ಹಿಂದಿನ ಸಾಲಿನವರಿಗೂ ಕೇಳಿಸ್ಬೇಕು."