ಅಮ್ಮನ ಕೆನ್ನೆ ಸಿಗ್ನಲ್

ಇದರಲ್ಲಿ ಕೂದಲೆಳೆಯಷ್ಟು ಸುಳ್ಳಿದ್ರೂ ನನ್ನ ಮೀಸೆ ಈಗಲೇ ಉದುರಿ ಹೋಗ್ಲಿ. ನಿಜವಾಗ್ಲೂ ನಡೆದಿದ್ದು.

"ಬಿಡು ಪುಟ್ಟಿ, ಅಮ್ಮನ್ನ ಒಳಗೆ ಬಿಡು!" ಅಂತ ನರ್ಸಕ್ಕ ಎಳೀತಾನೇ ಇದ್ಲು. ಚಿನಕುರುಳಿ ಬಿಟ್ರೆ ತಾನೆ? ಚರ್ಮದ ಆಸ್ಪತ್ರೆಯ ಲೇಸರ್ ರೂಮಿನ ಬಾಗಿಲಲ್ಲೇ ಅಮ್ಮನ ಸೊಂಟಕ್ಕೆ ಉಡದ ಪಟ್ಟು ಹಾಕಿ ನಿಂತಿದ್ಲು.

ಚಿನಕುರುಳಿ ಐದನೇ ಕ್ಲಾಸು. ಬಾಯಿ ತೆಗೆದ್ರೆ ಮುಚ್ಚೋಳಲ್ಲ, ಅದಕ್ಕೇ ಆ ಹೆಸರು. ಅವಳಮ್ಮನಿಗೆ ಇಸ್ತ್ರಿ ಅಂಗಡಿ. ಒಂದೇ ರೂಮು, ಒಂದು ಉದ್ದದ ಮೇಜು, ಬುಸ್ಸಂತ ಹಬೆ ಬಿಡೋ ಇಸ್ತ್ರಿಪೆಟ್ಟಿಗೆ.

ಅಮ್ಮನ ಕೆನ್ನೆ, ಮೂಗು ಯಾವಾಗ್ಲೂ ಕೆಂಪು. ಮನೇಲಿ ಅದಕ್ಕೆ ಸಿಗ್ನಲ್ ಅಂತಾನೇ ಹೆಸರು. ತಿಳಿಗೆಂಪಿದ್ರೆ ಆಟಕ್ಕೆ ಹೋಗ್ಲಾ ಅಂತ ಕೇಳಬಹುದು. ಕಡುಗೆಂಪಿದ್ರೆ ಮಂಚದ ಕೆಳಗೆ ತೂರ್ಕೋಬೇಕು. "ನೋಡೇ, ನಿನ್ನ ತಂಟೆಗೆ ಅವಳ ಮುಖ ಹೆಂಗಾಗಿದೆ!" ಅಂತ ಅಜ್ಜಿ ದಿನಕ್ಕೆ ನಾಲ್ಕು ಸಲ ಅನ್ನೋರು.

ತಮಾಷೆಗೆ ಅನ್ನೋರು. ಆದ್ರೆ ಚಿನಕುರುಳಿ ನಂಬಿಬಿಟ್ಟಿದ್ಲು.

ಅದರ ಮೇಲೆ ಬಬಲ್ ಗಮ್ ಪ್ರಕರಣ. ಒಂದಿನ ಅಗಿದ ಗಮ್ಮನ್ನ ಆಮೇಲೆ ತಿನ್ನೋಣ ಅಂತ ಇಸ್ತ್ರಿ ಮೇಜಿನ ಮೂಲೇಲಿ ಅಂಟಿಸಿದ್ಲು. ಮೇಲೆ ಬಂದು ಕೂತಿದ್ದು ವಕೀಲರ ಕಪ್ಪು ಕೋಟು. ಅದರ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ. ಗಮ್ಮು ಕರಗಿ ಕೋಟಿನ ಕಾಲರಿಗೆ ಅಂಟಿ ಪಾಯಸ ಆಯ್ತು. ವಕೀಲರು ಕೂಗಿದ ಕೂಗಿಗೆ ಎದುರು ಬೀದಿ ಕಾಗೆಗಳೆಲ್ಲ ಊರು ಬಿಟ್ಟು ಹೋದವು.

ಗಮ್ಮು ಯಾರದ್ದು ಅಂತ ಅಮ್ಮನಿಗೆ ಗೊತ್ತಾಗ್ಲಿಲ್ಲ. ಆದ್ರೆ ಅವತ್ತು ಕೆಂಪೇರಿದ ಕೆನ್ನೆ ಇಳೀಲೇ ಇಲ್ಲ. ಸಣ್ಣ ಸಣ್ಣ ಗುಳ್ಳೆ ಬೇರೆ ಎದ್ದವು. ಚಿನಕುರುಳಿ ಹೆದರಿ ಅದೆಷ್ಟು ಒಳ್ಳೆಯವಳಾದ್ಲು ಅಂದ್ರೆ, ಅಜ್ಜಿ ಹಣೆ ಮುಟ್ಟಿ "ಜ್ವರ ಏನೇ?" ಅಂದ್ರು. ಮುಂದಿನ ವರ್ಷದ ಹೋಮ್‌ವರ್ಕೂ ಮಾಡಿ ಮುಗಿಸಿದ್ಲು. ಆದ್ರೂ ಕೆಂಪು ಹೋಗ್ಲಿಲ್ಲ. ಈಗ ನೋಡಿದ್ರೆ ಲೇಸರ್!

"ಅಮ್ಮಾ, ಒಳಗೆ ಹೋಗ್ಬೇಡ. ಮುಖ ಸುಡ್ತಾರೆ. ಅದು ಕೆಂಪಾಗಿದ್ದು ನನ್ನಿಂದ. ವಕೀಲರ ಕೋಟಿಗೆ ಅಂಟಿದ್ದು ನನ್ನ ಬಬಲ್ ಗಮ್!"

ನರ್ಸಕ್ಕ ಕೈ ಬಿಟ್ಲು. ಒಳಗಿಂದ ಡಾಕ್ಟರಮ್ಮ ಎದ್ದು ಬಂದ್ರು, ಕಣ್ಣಿಗೆ ದಪ್ಪ ಕನ್ನಡಕ.

"ಇದರ ಹೆಸರು ರೊಸೇಶಿಯಾ, ಮರಿ. ಚರ್ಮದ ಕೆಳಗೆ ದಾರದಂಥ ರಕ್ತನಾಳ ಇರುತ್ತಲ್ಲ, ಅವು ಉಬ್ಕೊಂಡಿವೆ. ಬಿಸಿಲು, ಬಿಸಿ ಹಬೆ ತಾಗಿದ್ರೆ ಇನ್ನೂ ಜಾಸ್ತಿ. ಲೇಸರ್ ಬೆಳಕು ಅವನ್ನ ಮುದುಡಿಸುತ್ತೆ, ಅಷ್ಟೇ."

"ತಂಟೆಯಿಂದ ಬಂದಿದ್ದಲ್ವಾ?"

"ಕೋಪ ಬಂದ್ರೆ ಒಂದು ಗಳಿಗೆ ಇನ್ನಷ್ಟು ಕೆಂಪಾಗಬಹುದು. ಆದ್ರೆ ಕಾಯಿಲೆ ನೀನು ತಂದಿದ್ದಲ್ಲ. ತಂಟೆಗೆಲ್ಲ ಇದು ಬರೋದಾಗಿದ್ರೆ ನಾನು ಟೊಮೇಟೊ ಆಗಿರ್ತಿದ್ದೆ. ನನಗೂ ಇಬ್ರು ಗಂಡುಮಕ್ಕಳಿದ್ದಾರೆ!"

ಚಿನಕುರುಳಿಯ ಕೈ ಮೆಲ್ಲಗೆ ಸಡಿಲಾಯ್ತು. ಬಾಗಿಲು ಮುಚ್ಚಿತು. ಹೊರಗೆ ಬೆಂಚಿನ ಮೇಲೆ ಕೂತ್ಲು. ಒಳಗಿಂದ ಲೇಸರ್ ಸದ್ದು, ಟಕ್, ಟಕ್, ಟಕ್. ಒಂದೊಂದು ಟಕ್ಕಿಗೂ ಅವಳೇ ಕಣ್ಣು ಮುಚ್ಕೊಳ್ತಿದ್ಲು.

ಅಮ್ಮ ಆಚೆ ಬಂದಾಗ ಬೆಂಚಿಂದ ಎದ್ದೇಬಿಟ್ಲು. ಮುಖ ಊದಿತ್ತು, ಮೊದಲಿಗಿಂತ ಕೆಂಪು!

"ಎರಡು ಮೂರು ದಿನ ಹಿಂಗೇ ಇರುತ್ತೆ," ಅಂದ್ಲು ನರ್ಸಕ್ಕ. "ಬಿಸಿಲಿಗೆ ಹೋಗ್ಬಾರ್ದು, ಹಬೆ ಹತ್ರ ನಿಲ್ಲಬಾರ್ದು. ಇನ್ನೂ ಎರಡು ಮೂರು ಸಲ ಬರಬೇಕಾಗುತ್ತೆ. ಪೂರ್ತಿ ಹೋಗದೇ ಇರಬಹುದು, ಕಮ್ಮಿಯಂತೂ ಆಗುತ್ತೆ."

ಬೀದೀಲಿ ಚಿನಕುರುಳಿ ತುದಿಗಾಲಲ್ಲಿ ನಡೀತಾ ಅಮ್ಮನಿಗೆ ಕೊಡೆ ಹಿಡಿದಿದ್ಲು. ಅವಳು ಇಷ್ಟು ಹೊತ್ತು ಸುಮ್ಮನಿದ್ದಿದ್ದು ಹುಟ್ಟಿದಾಗಿನಿಂದ ಇದೇ ಮೊದಲು.

"ತುಂಬಾ ನೋವಾಯ್ತಾಮ್ಮ?"

"ರಬ್ಬರ್ ಬ್ಯಾಂಡಲ್ಲಿ ಹೊಡೆದಂಗೆ. ನೀನು ನಿಮ್ಮ ಕ್ಲಾಸಿನ ಹುಡುಗರಿಗೆ ಹೊಡೀತೀಯಲ್ಲ, ಹಂಗೆ."

ಅಯ್ಯೋ, ಅದೂ ಗೊತ್ತಾ ಅಮ್ಮನಿಗೆ!

"ಅಮ್ಮಾ… ಕೋಪ ಬಂದಿದ್ಯಾ?"

"ನೀನೇ ನೋಡು."

ಚಿನಕುರುಳಿ ತಲೆ ಎತ್ತಿ ನೋಡಿದ್ಲು. ಕೆನ್ನೆ ಬೆಂಕಿ ಹಂಗಿದೆ. ಅದನ್ನ ನೋಡಿದ್ರೆ ಏನೂ ಗೊತ್ತಾಗಲ್ಲ. ಇನ್ನೂ ನೋಡಿದ್ಲು. ಊದಿದ ಕಣ್ಣಿನ ಮೂಲೇಲಿ ಸಣ್ಣ ಗೆರೆಗಳು ಎದ್ದಿದ್ದವು, ಅಮ್ಮ ನಗು ತಡೆದಾಗ ಏಳೋ ಗೆರೆಗಳು. ಅವಳ ಕೈಯನ್ನ ಅಮ್ಮ ಹಿಡಿದಿದ್ಲು. ಇಸ್ತ್ರಿ ಹಿಡಿದು ಗಟ್ಟಿಯಾದ ಆ ಹೆಬ್ಬೆರಳು ಅವಳ ಬೆರಳಿನ ಗಿಣ್ಣನ್ನ ಮೆಲ್ಲಗೆ ಸವರ್ತಾ ಇತ್ತು.

"ನಾಳೆ ವಕೀಲರ ಮನೆಗೆ ನೀನೇ ಹೋಗಿ ಗಮ್ಮು ನನ್ನದು ಅಂತ ಹೇಳ್ಬೇಕು," ಅಂದ್ಲು ಅಮ್ಮ.

"ಹೂಂ."

"ಬೈತಾರೆ."

"ಹೂಂ. ನೀನು ಬರಬೇಡ. ಬಿಸಿಲಿರುತ್ತೆ."

ಹಂಗಂದು ಕೊಡೆ ಪೂರ್ತಿ ಅಮ್ಮನ ಕಡೆಗೆ ವಾಲಿಸಿದ್ಲು. ಬಿಸಿಲು ಅವಳ ಮುಖಕ್ಕೆ ಬಿತ್ತು. ಬೀಳ್ಲಿ ಅಂತ ನಡೆದ್ಲು.

ಮುಗೀತು. ನನ್ನ ಮೀಸೆ ಏನು ನೋಡ್ತೀರಿ? ಗಂಟಲು ಒಣಗಿದೆ. ಕತೆ ನಂಬದೇ ಇರೋರು ಎದ್ದು ಹೋಗಿ ಒಂದು ಲೋಟ ನೀರು ತನ್ನಿ. ನಂಬಿದೋರು ಎರಡು ಲೋಟ!