ಕೆಂಪು ಬಾರದ ಟ್ಯೂಬು

"ಐಸ್ ಎಲ್ಲಿ?"

ಅವನೊಡನೆ ಅವಳು ಆಡಿದ ಮೊದಲ ಮಾತೇ ಅದು.

ಆಸ್ಪತ್ರೆಯ ಲ್ಯಾಬಿನ ಗಾಜಿನ ಕಿಟಕಿಯಾಚೆ ಎತ್ತರದ ಮನುಷ್ಯನೊಬ್ಬ ಏದುಸಿರು ಬಿಡುತ್ತ ನಿಂತಿದ್ದ. ನೀಲಿ ಅಂಗಿಯ ಮೇಲೆ ಗ್ರೀಸಿನ ಕಲೆ, ಸೊಂಟದ ಬೆಲ್ಟಿನಲ್ಲಿ ಸ್ಪ್ಯಾನರು. ಅಂಗಿಯೊಳಗೆ ಕೈ ಹಾಕಿ, ಕರವಸ್ತ್ರದಲ್ಲಿ ಸುತ್ತಿದ್ದ ರಕ್ತದ ಟ್ಯೂಬನ್ನು ತೆಗೆದು ಕಿಟಕಿಯಲ್ಲಿಟ್ಟ.

ಅವಳು ಮುಟ್ಟಿ ನೋಡಿದಳು. ಬೆಚ್ಚಗಿತ್ತು!

"ಇದನ್ನ ಎದೆ ಹತ್ರ ಇಟ್ಕೊಂಡು ತಂದ್ರಾ?"

"ಹೌದು ಮೇಡಂ. ಬಸ್ಸಲ್ಲಿ ನೂಕುನುಗ್ಗಲು. ಒಡೆದು ಹೋದ್ರೆ ಏನ್ ಗತಿ ಅಂತ... ಜೋಪಾನವಾಗಿ ತಂದೆ."

"ರಕ್ತ ಯಾವಾಗ ತೆಗೆದಿದ್ದು?"

"ನಿನ್ನೆ ಸಂಜೆ. ನಮ್ಮ ಬಡಾವಣೆ ಕ್ಲಿನಿಕ್‌ನಲ್ಲಿ. ಮಗುಗೆ ಜ್ವರ ಇತ್ತು, ಇಲ್ಲೀತನಕ ಕರ್ಕೊಂಡ್ ಬರೋಕಾಗ್ಲಿಲ್ಲ."

"ಅಯ್ಯೋ, ಜೋಪಾನ ಮಾಡಿ ಮಾಡೀನೇ ಹಾಳು ಮಾಡಿದ್ದೀರಲ್ರೀ!"

ಮಾತು ಬಾಯಿಂದ ಜಾರಿದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು. ಅವನ ಮುಖ ಬಿಳುಚಿಕೊಂಡಿತು. ಟ್ಯೂಬನ್ನು ಮತ್ತೆ ಅವಳತ್ತ ಸರಿಸಿದ.

"ಆದ್ರೂ ಒಂದ್ಸಲ ನೋಡಿ ಮೇಡಂ... ದಯವಿಟ್ಟು."

ಅವಳು ನೋಡಿದಳು. ನೋಡಬಾರದಿತ್ತು, ನಿಯಮದ ಪ್ರಕಾರ ವಾಪಸು ಕಳಿಸಬೇಕಿತ್ತು. ಆದರೆ ಹಾಗೆ ಬೇಡಿಕೊಂಡವರನ್ನು ಬರಿಗೈಯಲ್ಲಿ ಕಳಿಸುವುದು ಅವಳಿಗೆ ಎಂದೂ ಬಂದಿರಲಿಲ್ಲ.

ಅವಳ ಕೆಲಸವನ್ನು ಹೇಳಿಕೊಳ್ಳುವುದು ಸುಲಭ. ನಮ್ಮ ಮೈಯೊಳಗೆ ಕಸ ಒಡೆಯುವ ಕಿಣ್ವಗಳಿರುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಅವುಗಳಿಗೆ ಒಂದು ತುತ್ತು ಹಾಕಬೇಕು. ಫ್ರೀಜರಿನಲ್ಲಿ ಬೆಳ್ಳಿ ಕಾಗದ ಸುತ್ತಿ, ಬೆಳಕು ತಾಗದಂತೆ ಇಟ್ಟ ಪುಡಿಗಳೇ ಆ ತುತ್ತು. ಲ್ಯಾಬಿನವರು ಅದನ್ನು ಸಬ್‌ಸ್ಟ್ರೇಟ್ ಅನ್ನುತ್ತಾರೆ. ಕಿಣ್ವ ಬದುಕಿದ್ದರೆ ತುತ್ತನ್ನು ಕಚ್ಚಿ ಎರಡು ಮಾಡುತ್ತದೆ. ಕೊನೆಯಲ್ಲಿ ಒಂದು ಹನಿ ಕ್ಷಾರ ಬಿಟ್ಟರೆ, ಕಚ್ಚಿದ ಆ ಚೂರು ಬಣ್ಣವಾಗಿ ಮೇಲೆದ್ದು ನಿಲ್ಲುತ್ತದೆ.

ಈ ಮಗುವಿಗೆ ಎರಡು ಟ್ಯೂಬು. ಇಲ್ಲವೇನೋ ಎಂದು ಡಾಕ್ಟರು ಅನುಮಾನಿಸಿದ್ದ ಕಿಣ್ವ ಇದ್ದರೆ ಒಂದು ಕೆಂಪಾಗಬೇಕು. ಇನ್ನೊಂದು ಯಾರ ರಕ್ತದಲ್ಲಾದರೂ ಹಳದಿಯಾಗಲೇಬೇಕು. ಅದು ರಕ್ತ ಕೆಟ್ಟಿಲ್ಲ ಅನ್ನುವುದಕ್ಕೆ ಸಾಕ್ಷಿ.

ಅವಳು ಕ್ಷಾರ ಬಿಟ್ಟಳು. ಕೆಂಪೂ ಇಲ್ಲ, ಹಳದಿಯೂ ಇಲ್ಲ. ಎರಡೂ ಸಪ್ಪೆ ನೀರು.

"ಸ್ಯಾಂಪಲ್ ಕೆಟ್ಟಿದೆ," ಅಂದಳು ಕಿಟಕಿಗೆ ಬಂದು. "ಇದ್ರಿಂದ ಏನೂ ಹೇಳೋಕಾಗಲ್ಲ. ಜ್ವರ ಬಿಟ್ಟ ಮೇಲೆ ಮಗುನ ಇಲ್ಲಿಗೇ ಕರ್ಕೊಂಡ್ ಬನ್ನಿ."

"ಅಂದ್ರೆ... ಕಾಯಿಲೆ ಇಲ್ದೇನೂ ಇರಬಹುದು?"

"ಇರಬಹುದು."

ಅವನು ನಕ್ಕ! ಗ್ರೀಸು ಮೆತ್ತಿದ ಕೈಗಳನ್ನು ಜೋಡಿಸಿ, ಮಗುವಿನಂತೆ ನಕ್ಕ. ಆ ನಗುವನ್ನು ನೋಡಿ ಅವಳ ಎದೆಯೊಳಗೆ ಏನೋ ಕದಲಿತು.

*'ಯಾಕೆ ಹಾಗಂದೆ ನಾನು?'*

*

ಅವಳ ಮನೆಯಲ್ಲಿ ಅವಳೊಬ್ಬಳೇ. ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ಅಮ್ಮನ ಸೇವೆಯಲ್ಲಿ ಮದುವೆಯ ವಯಸ್ಸು ಯಾವಾಗ ಬಂತು, ಯಾವಾಗ ಹೋಯಿತು ಅನ್ನುವುದು ಅವಳಿಗೇ ತಿಳಿಯಲಿಲ್ಲ. ಅಮ್ಮ ಹೋದ ಮೇಲೆ ಅಣ್ಣ ರಜೆಯ ದಿನ ಫೋನು ಮಾಡುತ್ತಿದ್ದ. "ಹುಷಾರಾಗಿದ್ದೀಯಾ? ಸರಿ, ಅತ್ತಿಗೆಗೆ ಕೊಡ್ತೀನಿ." ಅತ್ತಿಗೆ, "ಮತ್ತೇನಮ್ಮ ಸಮಾಚಾರ?" ಅನ್ನುತ್ತಿದ್ದಳು. ಸಮಾಚಾರ ಇದ್ದರೆ ತಾನೇ!

ಸಂಜೆ ಪಕ್ಕದ ಮನೆಯ ಟೀವಿಯಲ್ಲಿ ಧಾರಾವಾಹಿ ಬರುತ್ತಿತ್ತು. ಗೋಡೆಯಾಚೆಯಿಂದ ಕೇಳುತ್ತಿದ್ದ ಆ ಮಾತುಗಳನ್ನೇ ನಂಚಿಕೊಂಡು ಅವಳು ಊಟ ಮಾಡುತ್ತಿದ್ದಳು. ಆ ಕಥೆಯ ಅತ್ತೆ, ಸೊಸೆ, ಮೈದುನ ಎಲ್ಲರ ದನಿಯೂ ಅವಳಿಗೆ ಗೊತ್ತು. ಒಬ್ಬರ ಮುಖವನ್ನೂ ಕಂಡಿರಲಿಲ್ಲ.

*

ಮುಂದಿನ ವಾರ ಅವನು ಮಗುವನ್ನು ಎತ್ತಿಕೊಂಡು ಬಂದ.

ವಯಸ್ಸಿಗೆ ತೀರಾ ಕುಳ್ಳಗಿದ್ದ ಹುಡುಗಿ. ಬೆರಳುಗಳು ಪೂರ್ತಿ ಬಿಚ್ಚುತ್ತಿರಲಿಲ್ಲ. ಆದರೆ ಬಾಯಿ ಮಾತ್ರ ಪೂರ್ತಿ ಬಿಚ್ಚುತ್ತಿತ್ತು!

"ನನ್ನ ಹೆಸರು ಮೆಣಸು. ನಿಜವಾದ ಹೆಸರು ಬೇರೆ ಇದೆ, ಸ್ಕೂಲಿಗೆ ಮಾತ್ರ. ಸೂಜಿ ಚುಚ್ಚಿದ್ರೆ ಅಳಲ್ಲ, ಆದ್ರೆ ಬೈತೀನಿ. ಪರವಾಗಿಲ್ವಾ?"

"ಬೈಯಿ. ನಾನೂ ವಾಪಸ್ ಬೈತೀನಿ."

"ಮಾಮ, ಈ ಅಕ್ಕ ಚೆನ್ನಾಗಿದ್ದಾರೆ!"

ಮಾಮ? ಅಂದರೆ ಅಪ್ಪನಲ್ಲ... ರಕ್ತ ತೆಗೆಯುವ ಹೊತ್ತಿಗೆ ಉಳಿದದ್ದನ್ನು ಅವನೇ ಹೇಳಿದ. ಅವನ ಅಕ್ಕ, ಮೆಣಸಿನ ತಾಯಿ, ತೀರಿಕೊಂಡಳು. ಭಾವ ಇನ್ನೊಂದು ಮದುವೆ ಮಾಡಿಕೊಂಡು ಬೇರೆ ಊರು ಸೇರಿದ. ಇವನು ಲಿಫ್ಟ್ ಮೆಕ್ಯಾನಿಕ್. ಎತ್ತರದ ಕಟ್ಟಡಗಳಲ್ಲಿ ಕೆಟ್ಟು ನಿಂತ ಲಿಫ್ಟುಗಳನ್ನು ರಿಪೇರಿ ಮಾಡುತ್ತಾನೆ. ಅವನು ಕೆಲಸಕ್ಕೆ ಹೋದಾಗ ಮೆಣಸನ್ನು ಪಕ್ಕದ ಮನೆಯ ಅಜ್ಜಿ ನೋಡಿಕೊಳ್ಳುತ್ತಾರೆ.

ರಕ್ತವನ್ನು ಆಗಲೇ ಐಸಿನಲ್ಲಿಟ್ಟು, ಅಂದೇ ಪರೀಕ್ಷೆಗೆ ಹಚ್ಚಿದಳು. ಕೊನೆಗೆ ಕ್ಷಾರದ ಹನಿ ಬಿಟ್ಟಳು.

ಹಳದಿ ಬಂತು. ಹೊಂಬಿಸಿಲಿನಂಥ ಹಳದಿ.

ಇನ್ನೊಂದು ಟ್ಯೂಬನ್ನು ಬೆಳಕಿಗೆ ಹಿಡಿದಳು. *'ಬಾ... ಕೆಂಪಾಗು... ಒಂಚೂರಾದರೂ!'*

ಆಗಲಿಲ್ಲ. ಹೊಸ ಪುಡಿ ಕಲಸಿ ಮತ್ತೆ ಮಾಡಿದಳು. ತನ್ನದೇ ರಕ್ತವನ್ನು ತೆಗೆದು ಪಕ್ಕದಲ್ಲಿಟ್ಟು ಮಾಡಿದಳು. ಅವಳದು ಕೆಂಪಗಾಯಿತು. ಮೆಣಸಿನದು ಆಗಲಿಲ್ಲ.

ಫಲಿತಾಂಶವನ್ನು ಡಾಕ್ಟರೇ ಹೇಳಬೇಕು. ಆದರೆ ಅವನು ಕಿಟಕಿಗೆ ಬಂದು ಅವಳ ಮುಖವನ್ನು ನೋಡಿದ. ಮುಖ ಎಲ್ಲವನ್ನೂ ಹೇಳಿಬಿಟ್ಟಿತ್ತು.

"ನೀವೇ ಇರಬಹುದು ಅಂದ್ರಲ್ಲ... ಕಾಯಿಲೆ ಇಲ್ದೇ ಇರಬಹುದು ಅಂತ ನೀವೇ ಅಂದ್ರಲ್ಲ!"

"ಅಂದಿದ್ದೆ. ಆದ್ರೆ..."

"ವಾರಪೂರ್ತಿ ಆ ಮಾತನ್ನೇ ನಂಬ್ಕೊಂಡಿದ್ದೆ! ನಿಮಗೇನು ಮೇಡಂ, ಬಣ್ಣ ಬಂತು, ಬರ್ಲಿಲ್ಲ, ಅಷ್ಟೇ. ಮನೇಲಿ ನಿಮಗೆ ಅಂತ ಒಂದು ಜೀವ ಇದ್ದಿದ್ರೆ ಗೊತ್ತಾಗ್ತಿತ್ತು ನನ್ನ ಸಂಕಟ!"

ಕಿಟಕಿಯ ಗಾಜು ತಾನಾಗಿಯೇ ಸರಿದಂತೆ ಮುಚ್ಚಿಕೊಂಡಿತು. ಮುಚ್ಚಿದವಳು ಅವಳೇ.

ಅವನು ಬೇಕೆಂದು ಅಂದದ್ದಲ್ಲ. ಅವಳ ಮನೆಯ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಕುರುಡನ ಕಲ್ಲು ಎಂಬಂತೆ ಎಸೆದದ್ದು ಬೀಳಬಾರದ ಜಾಗಕ್ಕೇ ಬಿದ್ದಿತ್ತು. ಅಂದು ಸಂಜೆ ಗೋಡೆಯಾಚೆಯ ಧಾರಾವಾಹಿಯಲ್ಲಿ ಯಾರೋ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಅವಳಿಗೆ ಅಷ್ಟೂ ಆಗಲಿಲ್ಲ. ತಟ್ಟೆಯ ಅನ್ನ ಆರಿ ಅಗುಳು ಅಗುಳಾಯಿತು.

*

ಮೆಣಸಿಗೆ ಚಿಕಿತ್ಸೆ ಶುರುವಾಯಿತು. ಮೈಯಲ್ಲಿಲ್ಲದ ಆ ಕಿಣ್ವವನ್ನು ವಾರಕ್ಕೊಮ್ಮೆ ಹನಿ ಹನಿಯಾಗಿ ನರಕ್ಕೆ ಬಿಡಬೇಕು. ಬದುಕಿರುವತನಕ. ಲ್ಯಾಬಿರುವ ಮಹಡಿಯ ಕೊನೆಯಲ್ಲಿದ್ದ ಹಗಲು ವಾರ್ಡಿನಲ್ಲೇ ಅದು ನಡೆಯುತ್ತಿತ್ತು. ಆ ದಿನ ಅವಳು ಸುತ್ತು ಹಾಕಿಕೊಂಡು ಹಿಂದಿನ ಮೆಟ್ಟಿಲಿನಿಂದ ಓಡಾಡುತ್ತಿದ್ದಳು.

ಒಂದು ಮಧ್ಯಾಹ್ನ ಅವನು ಆ ಹಿಂದಿನ ಮೆಟ್ಟಿಲ ಮೇಲೇ ಕೂತಿದ್ದ.

"ನಿಮಗೋಸ್ಕರ ಕಾದೆ," ಅಂದ, ಎದ್ದು ನಿಂತು. "ಅವತ್ತು ನಾನು ಆಡಿದ ಮಾತಿಗೆ ಹುಳ ಬೀಳ್ಲಿ. ನಿಮ್ಮ ಮನೆ ಸಂಗತಿ ಆಮೇಲೆ ಗೊತ್ತಾಯ್ತು. ಮೇಡಂ ಅಂತೂ ನನ್ನನ್ನ ನಿಲ್ಲಿಸ್ಕೊಂಡು ಬೈದ್ರು."

"ಯಾವ ಮೇಡಂ?"

"ನಿಮ್ಮ ದೊಡ್ಡ ಮೇಡಂ."

ಲ್ಯಾಬಿನ ಮುಖ್ಯಸ್ಥೆ! ನಿವೃತ್ತಿಯ ಅಂಚಿನಲ್ಲಿದ್ದರೂ ಊರ ಉಸಾಬರಿ ಬಿಡದ ಹೆಂಗಸು. ಅವಳಿಗೆ ನಗು ಬಂತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ.

"ನಕ್ರಿ! ಅಂದ್ರೆ ಕ್ಷಮಿಸಿದ್ರಿ ಅಂತ ತಾನೇ?"

"ಮೆಣಸು ಹೇಗಿದ್ದಾಳೆ?"

"ನಿಮ್ಮನ್ನ ಬೈತಿದ್ದಾಳೆ. ಬಂದು ವಾಪಸ್ ಬೈತೀನಿ ಅಂದಿದ್ರಂತೆ, ಬರ್ಲೇ ಇಲ್ಲ ಅಂತ."

ಅಂದಿನಿಂದ ಅವಳು ಹೋಗತೊಡಗಿದಳು. ಹನಿಗಳು ಇಳಿಯುತ್ತಿದ್ದಾಗ ಮೆಣಸಿನ ಬಿಗಿದ ಬೆರಳುಗಳನ್ನು ಒಂದೊಂದಾಗಿ ನೀವುತ್ತಿದ್ದಳು. ಅವನು ಲಿಫ್ಟಿನ ಕಥೆ ಹೇಳುತ್ತಿದ್ದ. ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದ ಗಂಡ ಹೆಂಡಿರು ಜಗಳ ಆರಂಭಿಸಿ, ಬಾಗಿಲು ತೆರೆಯುವಷ್ಟರಲ್ಲಿ ರಾಜಿಯಾಗಿ, "ಇಷ್ಟು ಬೇಗ ಯಾಕಪ್ಪಾ ತೆಗ್ದೆ?" ಅಂದದ್ದನ್ನು ಕೇಳಿ ಅವಳು ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

ವಾರದಲ್ಲಿ ಆ ಒಂದು ದಿನಕ್ಕೆ ಅವಳು ಬೇರೆ ಸೀರೆ ಉಡತೊಡಗಿದಳು. ಮಿಕ್ಕ ದಿನಗಳು ಮೊದಲಿಗಿಂತ ಉದ್ದವಾದವು. ಒಂಟಿತನಕ್ಕೆ ಒಗ್ಗಿಹೋದವರಿಗೆ ಅದು ಅಷ್ಟು ಚುಚ್ಚುವುದಿಲ್ಲ. ಯಾರನ್ನಾದರೂ ಕಾಯುವುದನ್ನು ಕಲಿತ ಮೇಲೆ ಅದಕ್ಕೆ ಹಲ್ಲು ಮೂಡುತ್ತದೆ!

ಆಗಲೇ ಮೆಣಸು ಆ ಮಾತು ಹೇಳಿದ್ದು. ಅವನು ಔಷಧಿ ತರಲು ಹೊರಗೆ ಹೋಗಿದ್ದ.

"ಅಕ್ಕ, ಒಂದ್ ಗುಟ್ಟು! ಮಾಮನಿಗೆ ಮದುವೆ ಮಾತು ನಡೀತಿದೆ. ಟೀಚರ್ ಅಂತೆ. ಅಜ್ಜಿ ನೋಡಿದ್ದು."

ಬೆರಳು ನೀವುತ್ತಿದ್ದ ಅವಳ ಕೈ ನಿಂತುಹೋಯಿತು.

"ಒಳ್ಳೇದಾಯ್ತಲ್ಲ..."

"ಒಳ್ಳೇದಾ? ನಿಮ್ಮ ಮುಖ ಯಾಕೆ ಹಾಗಾಯ್ತು?"

"ಹೇಗೂ ಆಗಿಲ್ಲ. ಕೆಲಸ ಇದೆ ಪುಟ್ಟ, ಬರ್ತೀನಿ."

*'ಹುಚ್ಚಿ! ಅವನೇನಾದರೂ ಹೇಳಿದ್ದನೇ? ಕೇಳಿದ್ದನೇ? ನೀನೇ ಕಟ್ಟಿಕೊಂಡ ಗೋಪುರ, ನೀನೇ ಇಳಿದು ಬಾ...'*

ಮತ್ತೆ ಹಿಂದಿನ ಮೆಟ್ಟಿಲು. ಮತ್ತೆ ಹಳೆಯ ಸೀರೆ. ದೊಡ್ಡ ಮೇಡಂ ಎಲ್ಲವನ್ನೂ ಗಮನಿಸಿ ಗೊಣಗಿದರು. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋರನ್ನ ಕಂಡಿದ್ದೆ. ಹುಟ್ಟೋ ಮುಂಚೇನೇ ಅಳ್ತಾ ಕೂರೋಳನ್ನ ಈಗ ಕಂಡೆ! ಹೋಗಿ ಕೇಳೇ ಅವನನ್ನ."

ಅವಳು ಕೇಳಲಿಲ್ಲ. ಟ್ಯೂಬುಗಳನ್ನು ತೊಳೆಯುತ್ತ, ತೊಳೆದದ್ದನ್ನೇ ಮತ್ತೆ ತೊಳೆಯುತ್ತ ದಿನ ಕಳೆದಳು.

ಕೊನೆಗೆ ಅವನೇ ಲ್ಯಾಬಿನ ಕಿಟಕಿಗೆ ಬಂದ. ತೋಳಿನಲ್ಲಿ ಮೆಣಸು ಮಲಗಿದ್ದಳು. ಔಷಧಿ ಕೊಟ್ಟ ದಿನ ಅವಳಿಗೆ ಮಂಪರು.

"ಯಾಕೆ ಬರ್ತಿಲ್ಲ?"

"ಕೆಲಸ."

"ಸುಳ್ಳು."

"ನಿಮ್ಮ ಮದುವೆ ಓಡಾಟದಲ್ಲಿ ನಾನ್ಯಾಕೆ ಅಡ್ಡ ಅಂತ..."

"ಯಾವ ಮದುವೆ? ಅದು ಮುರಿದುಬಿದ್ದು ಎಷ್ಟೋ ದಿನ ಆಯ್ತು! ಮಗೂನ ಅದರಪ್ಪನ ಹತ್ರ ಬಿಟ್ಟು ಬನ್ನಿ ಅಂದ್ರು. ಬಾಗಿಲ ತನಕ ಹೋಗಿ ಅವರನ್ನ ಕಳಿಸ್ಕೊಟ್ಟೆ."

ಅವಳು ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟಳು. ಬೆನ್ನ ಹಿಂದೆ ದೊಡ್ಡ ಮೇಡಂ ದನಿ ಕೇಳಿಸಿತು. "ಏ, ಟೈಮರ್ ನಾನು ನೋಡ್ಕೋತೀನಿ. ಬಸ್ ಸ್ಟಾಪ್ ತನಕ ಹೋಗಿ ಬಾ. ಬಸ್ ಬಂದ್ರೆ ಹತ್ತು!"

ಬಸ್ಸು ಬಂತು. ಅವಳು ಹತ್ತಿದಳು.

ಮಧ್ಯಾಹ್ನದ ಬಸ್ಸು ಖಾಲಿಯಿತ್ತು. ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಕಿಟಕಿಯಾಚೆ ಅಂಗಡಿಗಳು, ಒಣಗಲು ಹಾಕಿದ ಬಟ್ಟೆಗಳು, ಸ್ಕೂಲು ಬಿಟ್ಟ ಮಕ್ಕಳು ಹಿಂದೆ ಹಿಂದೆ ಸರಿಯುತ್ತಿದ್ದರು.

"ಒಂದು ಮಾತು ಹೇಳ್ಬೇಕು," ಅಂದ ಅವನು, ಮಗುವಿನ ತಲೆಯನ್ನೇ ನೋಡುತ್ತ. "ಹೇಳಬಾರದು ಅಂತಾನೂ ಅನ್ಸುತ್ತೆ. ನೀವು ಬರದ ವಾರ ನನಗೆ ಆ ವಾರ್ಡಲ್ಲಿ ಉಸಿರು ಕಟ್ಟುತ್ತೆ. ಆದ್ರೆ ನನ್ನ ಬಾಳು ಹೀಗೇ ಮೇಡಂ. ವಾರ ವಾರ ಆಸ್ಪತ್ರೆ. ಇವಳ ಕಣ್ಣು ಮಂಜಾಗಬಹುದು, ಹೃದಯಕ್ಕೆ ತೊಂದ್ರೆ ಬರಬಹುದು ಅಂತಾರೆ. ಗೊತ್ತಿಲ್ದೇ ಬಂದೋರು ಒಂದಿನ ಪಶ್ಚಾತ್ತಾಪ ಪಡ್ತಾರೆ. ಯಾರನ್ನ ಕರೀಲಿ ಇದರೊಳಗೆ?"

"ಗೊತ್ತಿಲ್ದೇ ಬಂದೋರು ತಾನೇ?" ಅಂದಳು ಅವಳು. "ಇವಳ ರಕ್ತದಲ್ಲಿ ಏನಿಲ್ಲ ಅಂತ ಈ ಲೋಕದಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾಗಿದ್ದು ನನಗೆ. ನಿಮಗಿಂತ ಮೊದಲು. ಡಾಕ್ಟರಿಗಿಂತ ಮೊದಲು. ಆ ಟ್ಯೂಬ್ ಹಿಡ್ಕೊಂಡು ಒಬ್ಬಳೇ ನಿಂತಿದ್ದೆ. ಎಲ್ಲಾ ಗೊತ್ತಿದ್ದೇ ಬರ್ತಿದ್ದೀನಿ... ನೀವು ಕರೆದ್ರೆ."

ಅವನು ತಿರುಗಿ ನೋಡಿದ. ಕಣ್ಣು ತುಂಬಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಅವಳೇ ಸೆರಗಿನ ತುದಿಯಿಂದ ಒರೆಸಿದಳು.

ಬಸ್ಸು ತಿರುವಿನಲ್ಲಿ ವಾಲಿತು. ಮೆಣಸು ನಿದ್ದೆಯಲ್ಲೇ ಮುಲುಗಿದಳು.

"ಕೈ ಜೋಮು ಹಿಡಿದಿದೆ," ಅಂದ ಅವನು ಮೆಲ್ಲಗೆ. "ಇವಳನ್ನ ಸ್ವಲ್ಪ ಹೊತ್ತು ಎತ್ಕೋತೀರಾ?"

ಅವಳು ಮಗುವನ್ನು ಮಡಿಲಿಗೆ ಎಳೆದುಕೊಂಡಳು. ಮಂಪರಿನ ಮೈ, ಕಲ್ಲಿನಂತೆ ಭಾರ.

"ಸ್ವಲ್ಪ ಹೊತ್ತು ಸಾಕಾ?"

"ಸಾಕಾಗಲ್ಲ," ಅಂದ ಅವನು.